ಜಾನಕಿಯ ಜೀಪೂ ನಮ್ಮ ಮನೆಯ ಅರಿಸಿನವೂ

ನಾನು ಹೆದರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಜೀಪು ಓಡಿಸಿದ ಸಂಗತಿ ಬರುತ್ತದೆ, ಓದುವವರು ನನ್ನನ್ನು ಬೇರೆ ಯಾರೋ ಎಂದುಕೊಳ್ಳಬಾರದು. ಕೆಲವರಿಗೆ ಹಾವಿನ ಭಯ, ಕೆಲವರಿಗೆ ಆನೆಯ ಭಯ. ನಮ್ಮ ಕಕ್ಕಬೆಯಲ್ಲಿ ಅವೆರಡಕ್ಕೂ ತಕ್ಕ ಕಾರಣವಿದೆ, ಹೆದರಿದರೆ ಯಾರೂ ನಗುವುದಿಲ್ಲ. ನನ್ನ ಭಯಗಳಿಗೆ ಅಷ್ಟು ಮರ್ಯಾದೆಯಿಲ್ಲ. ಕುಕ್ಕರ್ ಕೂಗುವ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತದಲ್ಲ, ಆ ಸುಮ್ಮನಿರುವಿಕೆಗೆ ಹೆದರುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದೇನೆ. ಧಣಿಗಳು ಬಂಗಲೆಯಿಂದ "ರೈಟರೇ" ಎಂದು ಕರೆದರೆ ಇವತ್ತಿಗೂ ನನಗಿಂತ ಮೊದಲು ನನ್ನ ಎದೆ ಎದ್ದು ನಿಲ್ಲುತ್ತದೆ. ಇಂಥವನಿಗೆ ದೇವರು ಜೀಪು ಓಡಿಸುವ ಹೆಂಡತಿಯನ್ನು ಕೊಟ್ಟಿದ್ದ.

ಜಾನಕಿ ಆ ಹಳೆಯ ಜೀಪಿನಲ್ಲಿ ಬೆಟ್ಟದ ಮೇಲಿನ ಹೋಂಸ್ಟೇಗಳಿಗೆ ಪ್ರವಾಸಿಗರನ್ನು ಹತ್ತಿಸುತ್ತಿದ್ದಳು. ಪಕ್ಕದಲ್ಲಿ ಕೂತಾಗಲೆಲ್ಲ ನಾನು ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. "ಆ ಬದಿಗೆ ಬ್ರೇಕ್ ಇಲ್ಲ ಮಾರಾಯ್ರೆ, ತುಳಿದು ತುಳಿದು ತಗಡು ತೂತು ಮಾಡಬೇಡಿ" ಎನ್ನುತ್ತಿದ್ದಳು. ನನಗೂ ಹಟ ಹಿಡಿದು ಕಲಿಸಿ ಲೈಸೆನ್ಸ್ ಮಾಡಿಸಿದಳು. ಅದನ್ನು ನಾನು ದೇವರ ಪಟದ ಹಿಂದೆ ಭದ್ರವಾಗಿ ಇಟ್ಟಿದ್ದೆ. ಕಳೆದ ವರ್ಷ ಅವಳು ಹೋದಳು. ಜೀಪು ಕೊಟ್ಟಿಗೆಯಲ್ಲಿ ನಿಂತಿತು. ಅವಳ ತಮ್ಮ ಉಮೇಶ ಬಂದು, "ಭಾವ, ಸುಮ್ಮನೆ ತುಕ್ಕು ಹಿಡೀತದೆ. ಕುಶಾಲನಗರದಲ್ಲಿ ತಗೊಳ್ಳುವವರು ಉಂಟು, ಕೊಟ್ಟುಬಿಡುವ" ಎಂದ. ನನಗೆ ಏನಾಯಿತೋ ತಿಳಿಯದು. "ಅವಳ ವರ್ಷದ ಕಾರ್ಯಕ್ಕೆ ಭಾಗಮಂಡಲಕ್ಕೆ ನಾನೇ ಓಡಿಸಿಕೊಂಡು ಬರ್ತೇನೆ" ಎಂದುಬಿಟ್ಟೆ. ಉಮೇಶ ನಗು ತಡೆಯಲಾರದೆ ಹೊರಗೆ ಹೋಗಿ ಬಂದ. "ನೀವು ಬಸ್ಸಲ್ಲೇ ಕಣ್ಣು ಮುಚ್ಚಿ ಕೂತುಕೊಳ್ಳುವವರು. ಆಗಲಿ. ದಾರಿಯಲ್ಲಿ ಎಲ್ಲಾದ್ರೂ ಜೀಪು ಆಫ್ ಆಗಿ ನಿಂತರೆ ಅಲ್ಲೇ ಕೀ ನನ್ನ ಕೈಗೆ ಕೊಡಬೇಕು." ಒಪ್ಪಿಕೊಂಡೆ. ಒಪ್ಪಿಕೊಳ್ಳದಿರಲು ಬೇಕಾದ ಧೈರ್ಯವೂ ನನ್ನಲ್ಲಿರಲಿಲ್ಲ.

ಕಾರ್ಯಕ್ಕೆ ಮೂರು ವಾರವಿದ್ದಾಗ ಅಭ್ಯಾಸಕ್ಕೆಂದು ಜೀಪು ಹೊರಗೆ ತೆಗೆದೆ. ಆಳುಗಳ ಲೈನ್ ಮನೆಗಳನ್ನು ದಾಟಿ ಏರು ಹತ್ತುವಾಗ ಮುಂದಿನಿಂದ ಬುಸ್ ಎಂದು ಬಿಳಿಯ ಹಬೆ ಎದ್ದಿತು. ಆಮೇಲೆ ನೆನಪಿರುವುದು ನಾನು ಮೋರಿಯ ಆಚೆ ಕಾಫಿ ಗಿಡದ ಹಿಂದೆ ಕುಳಿತಿದ್ದದ್ದು. ಹ್ಯಾಂಡ್‌ಬ್ರೇಕ್ ಹಾಕಿದ್ದೆನೋ ಇಲ್ಲವೋ ಗೊತ್ತಿಲ್ಲ. ಜೀಪು ಜಾನಕಿಯ ಮುಖ ನೋಡಿ ತಾನಾಗಿ ನಿಂತಿರಬೇಕು. ಕಾಫಿ ಕುಯ್ಯುತ್ತಿದ್ದ ಹೆಂಗಸರಲ್ಲಿ ಹಿರಿಯಳಾದ ಚೋಮಿ, "ರೈಟರೇ, ಓಡಿಸಲಿಕ್ಕೆ ಹೊರಟದ್ದು ಜೀಪನ್ನಾ, ನಿಮ್ಮನ್ನಾ?" ಎಂದಳು. ಮಾರನೆಯ ದಿನ ಹಾಜರಿ ಕರೆಯುವಾಗ ಒಬ್ಬೊಬ್ಬಳೂ ಬಾಯಿಗೆ ಸೆರಗು ಹಿಡಿದೇ ಹೂಂಗುಟ್ಟಿದಳು.

ನಾಪೋಕ್ಲಿನ ಮೆಕ್ಯಾನಿಕ್ ಬಾಲನ್ ಬಂದು ಜೀಪನ್ನು ಎಳೆಸಿಕೊಂಡು ಹೋದ. ಜಾನಕಿಯ ಕಾಲದಿಂದಲೂ ಅದರ ವೈದ್ಯ ಅವನೇ. ಎಂಜಿನ್ ತಣ್ಣಗಿಡುವ ನೀರು ತುಂಬುವ ರೇಡಿಯೇಟರ್ ಹೋಗಿದೆ, ಬೇರೆಯೇ ಹಾಕಬೇಕು ಎಂದ. ಆ ಕಾಲದ ಜೀಪಿಗೆ ಹೊಂದುವಂಥದ್ದು ಮೈಸೂರಿನಿಂದ ಬರಲು ಎರಡು ವಾರ ಹಿಡಿಯಿತು. ಆ ಎರಡು ವಾರ ನಾನು ರಾತ್ರಿ ಹಗಲು ಹೆದರಿದೆ, ಬಾರದಿದ್ದರೆ ಜೀಪು ಹೋಗುತ್ತದಲ್ಲ ಎಂದು. ಬಂದಿತು ಎಂದು ಫೋನ್ ಬಂದಾಗ ಇನ್ನೂ ಹೆದರಿದೆ, ಈಗ ಓಡಿಸಬೇಕಲ್ಲ ಎಂದು.

ಬಾಲನ್ ಮೇಲಿನ ಪೈಪು, ಕೆಳಗಿನ ಪೈಪು ಕಳಚಿ, ಬೋಲ್ಟು ಬಿಚ್ಚಿ, ಫ್ಯಾನಿನ ರೆಕ್ಕೆಗೆ ತಾಗದ ಹಾಗೆ ಹಳೆಯದನ್ನು ಎತ್ತಿ ನೆಲಕ್ಕಿಟ್ಟ. ಕುತೂಹಲಕ್ಕೆ ಅದರ ಮೇಲಿನ ತೊಟ್ಟಿಯನ್ನು ಬಿಡಿಸಿ ನೋಡಿದವನು ನಗಲು ಶುರುಮಾಡಿದ. "ರೈಟರೇ, ಇಲ್ಲಿ ಬನ್ನಿ. ಇದು ರೇಡಿಯೇಟರಾ, ಸಾಂಬಾರಿನ ಪಾತ್ರೆಯಾ?" ಒಳಗೆಲ್ಲ ಹಳದಿ ಗಸಿ, ತಳ ಹಿಡಿದ ಹಾಗೆ ಗಟ್ಟಿಯಾಗಿ ಕೂತಿತ್ತು.

"ಎಂತ ಅದು?"

"ಅರಿಸಿನ! ಸಣ್ಣ ತೂತಿಂದ ನೀರು ಸೋರಿದ್ರೆ ಡ್ರೈವರ್‌ಗಳು ಅರಿಸಿನ ಪುಡಿ ಹಾಕ್ತಾರೆ. ಉಬ್ಬಿ ತೂತು ಮುಚ್ಚಿಕೊಳ್ತದೆ. ಒಂದು ಸಲಕ್ಕೆ ಸರಿ. ಅಕ್ಕ ಎಷ್ಟು ವರ್ಷ ಹಾಕಿದ್ದಾರೆ ನೋಡಿ, ಪೈಪೆಲ್ಲ ಕಟ್ಟಿ ಹೋಗಿದೆ."

ನಾನು ಅಲ್ಲೇ ಇದ್ದ ಟಯರಿನ ಮೇಲೆ ಕುಳಿತುಬಿಟ್ಟೆ. ನಮ್ಮ ಮನೆಯ ಸಾರು ವರ್ಷಗಟ್ಟಲೆ ಬಿಳಚಿಕೊಂಡೇ ಇತ್ತು. ಮಿಲ್ಲಿನವನು ಅರಿಸಿನದಲ್ಲಿ ಹಿಟ್ಟು ಬೆರೆಸುತ್ತಾನೆ ಎಂದು ನಾನು ಎರಡು ಸಲ ಮಿಲ್ಲು ಬದಲಾಯಿಸಿದ್ದೆ. ಒಮ್ಮೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಜಗಳಕ್ಕೂ ಹೊರಟಿದ್ದೆ. ನನ್ನ ಜೀವಮಾನದ ಒಂದೇ ಜಗಳ ಅದು. "ಹೋಗಿ, ಸರಿಯಾಗಿ ಕೇಳಿ ಬನ್ನಿ" ಎಂದು ಬಾಗಿಲವರೆಗೆ ಬಂದು ಕಳಿಸಿದ್ದಳು ಜಾನಕಿ. ಜೀಪು ಸೋರುತ್ತದೆ ಎಂದು ತಿಳಿದರೆ ನಾನು ಅದರಲ್ಲಿ ಕಾಲಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೊನೆಗೆ ತನ್ನನ್ನು ಕೊಂಡೊಯ್ದ ಹೊಟ್ಟೆನೋವನ್ನೂ ಅವಳು ಹೀಗೆಯೇ ಮುಚ್ಚಿಟ್ಟಿದ್ದಳು. ಕೇಳಿದರೆ ಗ್ಯಾಸ್ ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಹೊಸದನ್ನು ಕೂರಿಸಿ ಬಾಲನ್ ಹಸಿರು ಕೂಲೆಂಟ್ ತುಂಬಿದ. "ಇನ್ನು ಇದಕ್ಕೆ ಅರಿಸಿನ ಗಿರಿಸಿನ ಹಾಕಿದ್ರೆ ನಾನು ಕೈ ಮುಟ್ಟುದಿಲ್ಲ, ಈಗಲೇ ಹೇಳಿದ್ದೇನೆ."

ಭಾಗಮಂಡಲಕ್ಕೆ ಹೊರಟ ದಿನ ಉಮೇಶ ಪಕ್ಕದಲ್ಲಿ ಕುಳಿತ. ನಾನು ದಾರಿಯುದ್ದಕ್ಕೂ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. "ಭಾವ, ರೋಡ್ ನೋಡಿ ರೋಡ್!" ಎಂದು ಅವನು ಕೂಗುತ್ತಿದ್ದ. ಅಯ್ಯಂಗೇರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಒಂದು ಕಡೆ ಬಸ್ಸು, ಒಂದು ಕಡೆ ಕೊಲ್ಲಿ. ಜಾನಕಿ ಕಲಿಸಿದ್ದನ್ನು ಕೈ ಕಾಲು ತಾವೇ ಮಾಡಿದವು. ಜೀಪು ಬದಿಗೆ ಸರಿದು ನಿಂತಿತು, ಬಸ್ಸು ಹೋಯಿತು, ಎಂಜಿನ್ ಮಾತ್ರ ಆರಲಿಲ್ಲ. ಆಗ ಕಂಡಿತು, ಉಮೇಶ ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ತುಳಿಯುತ್ತಿದ್ದ. "ಆ ಬದಿಗೆ ಬ್ರೇಕ್ ಇಲ್ಲ ಮಾರಾಯ" ಎಂದೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ನನಗೆ ರಸ್ತೆ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಗೇರ್ ಹಾಕಿದೆ. ಸಂಗಮ ತಲುಪಿ ಅವಳಿಗೆ ನೀರು ಬಿಟ್ಟೆವು. ಕೀ ವಿಷಯ ಉಮೇಶ ಎತ್ತಲಿಲ್ಲ. ವಾಪಸು ಬರುವಾಗ ಮಾತ್ರ ಬಸ್ಸಿನಲ್ಲಿ ಹೋಗುತ್ತೇನೆ ಎಂದ.

ಹೋದ ವಾರ ಅವನು ಊಟಕ್ಕೆ ಬಂದಿದ್ದ. ಎರಡು ತುತ್ತು ಉಂಡು, "ಎಂತ ಭಾವ, ಸಾರಿಗೆ ಬಣ್ಣವೇ ಇಲ್ಲ?" ಎಂದ. ಅದರ ಹಿಂದಿನ ದಿನ ಜೀಪಿನ ಕೆಳಗೆ ನಾಲ್ಕು ಹನಿ ನೀರು ಕಂಡಿತ್ತು. ಬೆಳಿಗ್ಗೆ ನಾನೇ ಜೀಪು ತೊಳೆದ ನೀರು ಇರಬಹುದು. ಆದರೂ ಇರಲಿ ಎಂದು ಅರಿಸಿನದ ಡಬ್ಬಿಯನ್ನು ಹಾಗೇ ಒಯ್ದು ಅವಳ ಸೀಟಿನ ಕೆಳಗೆ ಇಟ್ಟಿದ್ದೆ. ಸುರಿದಿಲ್ಲ, ಬಾಲನ್ ಆಣೆ.

"ಆ ಮಿಲ್ಲಿನವನು ಸರಿ ಇಲ್ಲ" ಎಂದೆ, ಅವನ ಮುಖ ನೋಡದೆ.