ಅಶೋಕ ಕಳಿಂಗವನ್ನು ವಾಪಸು ಕೊಟ್ಟನೇ?

ಚರಿತ್ರೆ ಪಾಠ ಹೇಳುವವನ ಹಣೆಬರಹವೇ ಅಂಥದ್ದು. ಗಣಿತದ ಮೇಷ್ಟ್ರಿಗೆ ಎರಡೂ ಎರಡೂ ನಾಲ್ಕಾದರೆ ಆ ದಿನದ ಮಾತು ಮುಗಿಯಿತು. ನಮ್ಮ ರಾಜರು ಹಾಗಲ್ಲ. ಸತ್ತು ಸಾವಿರಾರು ವರ್ಷವಾದರೂ ಯಾರದೋ ಮನೆಯ ಜಗಳಕ್ಕೆ ಎದ್ದು ಬರುತ್ತಾರೆ, ಬಂದು ಮೇಷ್ಟ್ರ ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮಿಡ್ಲ್ ಸ್ಕೂಲಿಗೆ ಆಕ್ಟಿಂಗ್ ಮೇಷ್ಟ್ರಾಗಿ ಸೇರಿದೆ. ಆಕ್ಟಿಂಗ್ ಎಂದರೆ ಯಾರಾದರೂ ರಜ ಹಾಕಿದ ಕಡೆ ಹೋಗಿ ಕೂರುವುದು, ಅವರು ಬಂದಕೂಡಲೇ ಎದ್ದು ಹೊರಡುವುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಟ್ರಂಕು ಹೊತ್ತುಕೊಂಡು ತಿರುಗುತ್ತಿದ್ದೆ. ಹಾಸನದಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ನೋಡಿ ಬಂದ ದಿನದಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಅವಳ ತಂದೆ ಮಾತ್ರ, "ಹುಡುಗ ಒಳ್ಳೆಯವನೇ. ಕೆಲಸ ಖಾಯಮ್ಮಾಗಲಿ, ಮಾರನೇ ದಿನವೇ ಲಗ್ನಪತ್ರಿಕೆ ಬರೆಸೋಣ" ಎಂದು ಎಲೆಯಡಿಕೆ ಹಾಕಿಕೊಂಡು ಕೂತುಬಿಟ್ಟಿದ್ದರು. ಖಾಯಮ್ಮಾಗಬೇಕಾದರೆ ಸ್ಕೂಲು ಇನ್‌ಸ್ಪೆಕ್ಟರ ಶಿಫಾರಸು ಬೇಕು. ಅದು ಸಿಗುವ ತನಕ ನಾನು ಪಟ್ಟ ಪಾಡು ಹೀಗಿತ್ತು.

ಗೆದ್ದ ಜಮೀನು

ಹೊಳೆನರಸೀಪುರದಲ್ಲಿ ಅಲೆಕ್ಸಾಂಡರನ ಪಾಠವನ್ನು ಹುಡುಗರಿಂದ ನಾಟಕ ಮಾಡಿಸಿ ಹೇಳಿಕೊಟ್ಟೆ. ಹಳೇಕೋಟೆ ಕಡೆಯ ಪಟೇಲರ ಮಗ ಅಲೆಕ್ಸಾಂಡರ್. ಪೇಟೆಯ ಜವಳಿ ಅಂಗಡಿಯವರ ಮಗ ಸೋತ ರಾಜ ಪೋರಸ್.

"ನಿನ್ನನ್ನು ಹೇಗೆ ನಡೆಸಿಕೊಳ್ಳಲಿ?" ಎಂದು ಅಲೆಕ್ಸಾಂಡರ್ ಗರ್ಜಿಸಿದ.

"ರಾಜನನ್ನು ರಾಜ ನಡೆಸಿಕೊಳ್ಳುವಂತೆ" ಎಂದು ಪೋರಸ್ ಎದೆ ಸೆಟೆಸಿದ.

ಅಲ್ಲಿಗೆ ನಾಟಕ ನಿಂತುಹೋಯಿತು. "ರಾಜ್ಯ ವಾಪಸು ಕೊಡೋ" ಎಂದು ನಾನು ಪಕ್ಕದಿಂದ ಹೇಳಿಕೊಟ್ಟೆ.

"ಕೊಡಾಕಿಲ್ಲ ಸಾ. ಗೆದ್ದ ಜಮೀನ ಯಾರಾನಾ ವಾಪಸ್ ಕೊಟ್ಟಾರಾ?"

ಬೆತ್ತ ತೋರಿಸಿದ ಮೇಲೆ ಕೊಟ್ಟ. ಆದರೆ ಮಾರನೇ ಬೆಳಗ್ಗೆ ಪಟೇಲರೇ ಕೊಡೆ ಊರಿಕೊಂಡು ಸ್ಕೂಲಿಗೆ ಬಂದರು. "ಅಲ್ಲ ಮೇಷ್ಟ್ರೇ, ನಾಲೆ ಬದೀನ ಬದುವಿಗೆ ನಮ್ಮಪ್ಪನ ಕಾಲದಿಂದ ಆಸನದ ಕೋರ್ಟ್‌ಗೆ ಅಲೀತಾ ಇವ್ನಿ. ನೀವು ನೋಡುದ್ರೆ ನನ್ ಮಗಂಗೆ ಗೆದ್ದುದ್ನ ವಾಪಸ್ ಕೊಡು ಅಂತ ಕಲಿಸ್ತಾ ಇದ್ದೀರಿ!"

"ನಾನು ಹೇಳಿದ್ದಲ್ಲ ಪಟೇಲರೇ. ಅಲೆಕ್ಸಾಂಡರ್ ಅಂತ ದೊಡ್ಡ ಚಕ್ರವರ್ತಿ, ಅವನೇ ಕೊಟ್ಟ."

"ಆಮೇಲೆ ಏನಾದ?"

"ಆಮೇಲೆ... ಊರಿಗೆ ಹಿಂತಿರುಗುವಾಗ ದಾರಿಯಲ್ಲಿ ಜ್ವರ ಬಂದು ಸತ್ತ."

ಪಟೇಲರು ಮಗನ ಕಡೆ ತಿರುಗಿದರು. "ಕೇಳುಸ್ಕಂಡೇನ್ಲಾ?"

ಬುದ್ಧನೂ ಉಪ್ಪೂ

ಅದೇ ಊರಿನ ಪರೀಕ್ಷೆಯಲ್ಲಿ, 'ಸಿದ್ಧಾರ್ಥನು ನಡುರಾತ್ರಿಯಲ್ಲಿ ಅರಮನೆಯನ್ನು ಬಿಟ್ಟುದೇಕೆ?' ಎಂದು ಕೇಳಿದ್ದೆ. ಒಬ್ಬ ಬರೆದಿದ್ದ: 'ಹಗಲು ಹೊತ್ತು ಹೊರಟಿದ್ದರೆ, ಬರುವಾಗ ಉಪ್ಪು ತನ್ನಿ ಎಂದು ಹೆಂಡತಿಯು ಚೀಲವನ್ನು ಕೊಡುತ್ತಿದ್ದಳು. ಆಗ ಜ್ಞಾನೋದಯವಾಗುತ್ತಿರಲಿಲ್ಲ.'

ಮದುವೆಯಿಲ್ಲದ ನಾನು ಸೊನ್ನೆ ಹಾಕಿದೆ. ಸಂಸಾರಸ್ಥರಾದ ಹೆಡ್‌ಮೇಷ್ಟ್ರು ಅದನ್ನು ಹೊಡೆದು ಪೂರ್ತಿ ಅಂಕ ಕೊಟ್ಟರು.

ಅರಕಲಗೂಡಿನ ರಾಜ

ಅರಕಲಗೂಡಿನಲ್ಲಿ ಈಜಿಪ್ಟಿನ ಪಾಠ. ಸತ್ತ ರಾಜರ ಹೆಣ ಕೆಡದಂತೆ ಉಪ್ಪು ತುಂಬಿ, ಬಟ್ಟೆ ಸುತ್ತಿ, ಮೇಲಿನ ಲೋಕಕ್ಕೆ ಬೇಕಾದ ತಿಂಡಿತೀರ್ಥವನ್ನೆಲ್ಲ ಜೊತೆಗಿಟ್ಟು ಹೂಳುತ್ತಿದ್ದರು, ಆ ಸಮಾಧಿ ತೆರೆದವರಿಗೆ ಶಾಪ ತಟ್ಟುತ್ತದೆ ಎಂದು ನಂಬಿದ್ದರು ಎಂದು ಕೈಬಾಯಿ ತಿರುಗಿಸಿ ಹೇಳಿದೆ. ಅಷ್ಟು ಹೊತ್ತು ಹುಡುಗರು ಕೆಮ್ಮದೆ ಕೂತಿದ್ದನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರನೇ ದಿನ ಗೂಟಕ್ಕೆ ಸಿಕ್ಕಿಸಿದ್ದ ನನ್ನ ತಲೆಯ ರುಮಾಲು ಕಾಣೆಯಾಯಿತು. ಅದಾಗಿ ಕೆಲವು ದಿನಕ್ಕೆ ಭೂಪಟದ ಬೀರುವಿನ ಕಡೆಯಿಂದ ಒಂದು ವಾಸನೆ ಹೊರಟಿತು. ಹೆಡ್‌ಮೇಷ್ಟ್ರು ಏಷ್ಯಾ ಖಂಡದ ಭೂಪಟ ಬೇಕೆಂದು ಬೀರು ತೆರೆದರು. ಒಳಗೆ ನನ್ನ ರುಮಾಲು, ರುಮಾಲಿನೊಳಗೆ ಹೊಗೆಸೊಪ್ಪು, ಹೊಗೆಸೊಪ್ಪಿನೊಳಗೆ ಉಪ್ಪು, ಉಪ್ಪಿನೊಳಗೆ ಒಂದು ಸತ್ತ ಹೆಗ್ಗಣ. ಪಕ್ಕದಲ್ಲಿ ಮೇಲಿನ ಲೋಕದ ಖರ್ಚಿಗೆ ಎರಡು ಚಕ್ಕುಲಿ, ಒಂದು ಚೂರು ಕೊಬ್ಬರಿ.

"ಯಾರೋ ಇದು?" ಎಂದು ಹೆಡ್‌ಮೇಷ್ಟ್ರು ಕಿರುಚಿದರು.

"ರಾಜ ಸಾ" ಎಂದು ಮುಂದಿನ ಬೆಂಚಿನವನು ಎದ್ದು ನಿಂತ. "ಬ್ಯಾಗ ಮುಚ್ಬುಡಿ ಸಾ! ಸಮಾಧಿ ತೆಗೆದೋರ್ಗೆ ಸಾಪ ತಟ್ತದಂತೆ, ಮೇಷ್ಟ್ರೇ ಯೋಳವ್ರೆ."

ಹೆಡ್‌ಮೇಷ್ಟ್ರು ಪಂಚೆಯ ಚುಂಗನ್ನು ಮೂಗಿಗೆ ಒತ್ತಿಕೊಂಡು ಹೇಳಿದರು: "ತಟ್ಟಾಯ್ತು ಕಣೋ, ತಟ್ಟಾಯ್ತು!"

ಕುರ್ಚಿಯ ಜೀವಗಳು

ರಜ ಹಾಕಿದ್ದವರು ಮರಳಿ ಬಂದರು. ನಾನು ಚನ್ನರಾಯಪಟ್ಟಣಕ್ಕೆ ಹೋದೆ, ರುಮಾಲಿಲ್ಲದೆ. ಶ್ರವಣಬೆಳಗೊಳ ಹತ್ತಿರವೇ ಇದ್ದುದರಿಂದ ಜೈನ ಮತದ ಪಾಠವನ್ನು ಮನಸ್ಸಿಟ್ಟು ಮಾಡಿದೆ. ಯಾವ ಜೀವವನ್ನೂ ನೋಯಿಸಬಾರದು, ಇರುವೆಗೂ ನಮ್ಮ ಹಾಗೇ ಪ್ರಾಣವಿದೆ ಎಂದಾಗ ಒಬ್ಬಿಬ್ಬರ ಕಣ್ಣಲ್ಲಿ ನೀರು ಬಂತು.

ಆ ಸ್ಕೂಲಿನಲ್ಲಿ ಒಂದು ಪದ್ಧತಿಯಿತ್ತು. ಶನಿವಾರ ಹುಡುಗರು ಮೇಷ್ಟ್ರ ಕುರ್ಚಿಯನ್ನು ಬಿಸಿಲಿಗೆ ಹಾಕಿ, ಕುದಿಯುವ ನೀರು ಹುಯ್ದು ತಿಗಣೆ ಕೊಲ್ಲಬೇಕು. ಆ ಶನಿವಾರ ನೀರು ಕುದಿಯಿತು, ಹುಡುಗರು ಮಾತ್ರ ಕೈಕಟ್ಟಿ ನಿಂತರು.

"ಪಾಪ ಬತ್ತದೆ ಸಾ. ನೀವೇ ಯೋಳಿದ್ರಲ್ಲ."

"ತಿಗಣೆ ಬೇರೆ ಕಣ್ರೋ!"

"ಮಹಾವೀರರು ತಿಗಣೆ ಒಂದ್ನ ಬುಟ್ಟು ಅಂದಿದ್ರಾ ಸಾ?"

ಅಂದಿರಲಿಲ್ಲ. ಕುರ್ಚಿ ಹಾಗೇ ಒಳಗೆ ಬಂತು. ಅಂದಿನಿಂದ ನಾನು ನಿಂತೇ ಪಾಠ ಮಾಡತೊಡಗಿದೆ. ಹೆಡ್‌ಮೇಷ್ಟ್ರು ಬಂದವರಿಗೆಲ್ಲ ಕಿಟಕಿಯಿಂದ ನನ್ನನ್ನು ತೋರಿಸಿ, "ಎಂಥ ಶ್ರದ್ಧೆ ನೋಡಿ, ಹುಡುಗ ಬೆಳಗ್ಗಿನಿಂದ ಸಂಜೆವರೆಗೆ ಕೂರುವುದೇ ಇಲ್ಲ" ಎನ್ನುತ್ತಿದ್ದರು.

ಇನ್‌ಸ್ಪೆಕ್ಟರು ಕೂತರು

ಕೊನೆಗೂ ಇನ್‌ಸ್ಪೆಕ್ಟರು ಹಾಸನದಿಂದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬಂದಿಳಿದರು. ದಾರಿಯುದ್ದಕ್ಕೂ ಬಸ್ಸು ತಳ್ಳಿ ದಣಿದಿದ್ದರೋ ಏನೋ, ಸೀದಾ ತರಗತಿಗೆ ಬಂದು ಆ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೂತಾಗಿತ್ತು. ಹಾಸನದ ಹುಡುಗಿಯ ಮುಖ ಕಣ್ಣ ಮುಂದೆ ಬಂದು ಹೋಯಿತು.

"ಕಳಿಂಗ ಯುದ್ಧದ ಮೇಲೆ ಅಶೋಕ ಏನು ಮಾಡಿದ?"

"ಪಶ್ಚಾತ್ತಾಪ ಪಟ್ಟ ಸಾ!" ಎಂದು ತರಗತಿಯೇ ಕೂಗಿತು.

"ಭೇಷ್."

ಹಿರೀಸಾವೆ ಕಡೆಯ ಒಬ್ಬ ರೈತರ ಹುಡುಗ ಮೆಲ್ಲಗೆ ಎದ್ದ. "ಸಾ, ಕಳಿಂಗನ ವಾಪಸ್ ಕೊಟ್ನಾ?"

"ಏನಂದೆ?"

"ತಪ್ಪಾಯ್ತು ಅಂತ ಅತ್ತ ಮ್ಯಾಲೆ ಜಮೀನ್ ವಾಪಸ್ ಕೊಡ್ಬೇಕಲ್ವಾ ಸಾ? ಅಲೆಕ್ಸಾಂಡರ್ ಕೊಟ್ಟ ಅಂತ ಮೇಷ್ಟ್ರೇ ಯೋಳವ್ರೆ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಕೊಡಲಿಲ್ಲ."

"ಮತ್ತೇನ್ ಮಾಡ್ದ?"

"ಅಲ್ಲಲ್ಲಿ ಕಲ್ಲಿನ ಮೇಲೆ ಬರೆಸಿದ."

"ನಮ್ ದೊಡ್ಡಪ್ಪಾನೂ ಅಂಗೇಯಾ ಸಾ. ನಮ್ ಒಲ ಒತ್ತುವರಿ ಮಾಡ್ಕಂಡು, ತಪ್ಪಾಯ್ತು ಕಣಪ್ಪಾ ಅಂತ ಅತ್ಬುಟ್ಟು, ಕಲ್ಲು ನೆಡಿಸ್ಬುಟ್ಟ."

ಇನ್‌ಸ್ಪೆಕ್ಟರು ಚಂಗನೆ ಎದ್ದರು. ಕೋಪ ಬಂತು, ನನ್ನ ಮದುವೆ ಮುರಿಯಿತು ಎಂದುಕೊಂಡೆ. ಆದರೆ ಅವರು ಕೋಟಿನ ಹಿಂಭಾಗಕ್ಕೆ ಕೈಹಾಕಿ, ತಡಕಾಡಿ, ಎರಡು ಬೆರಳ ನಡುವೆ ಏನನ್ನೋ ಹಿಡಿದು ತಂದರು. ದಪ್ಪನೆಯ ತಿಗಣೆ. ಇನ್ನೇನು ಹೊಸಕಬೇಕು, ಇಡೀ ತರಗತಿ ಎದ್ದು ನಿಂತಿತು.

"ಕೊಲ್ಲಬ್ಯಾಡಿ ಸಾ! ಅದ್ಕೂ ಜೀವ ಅದೆ!"

ಇನ್‌ಸ್ಪೆಕ್ಟರು ತಿಗಣೆಯನ್ನು ನೋಡಿದರು, ಹುಡುಗರನ್ನು ನೋಡಿದರು, ನನ್ನನ್ನು ನೋಡಿದರು. "ಇದೇನು ಮೇಷ್ಟ್ರೇ?"

"ಜೈನ ಮತ, ಸ್ವಾಮಿ" ಎಂದೆ.

ಹಿರೀಸಾವೆಯವನು ಬಂದು ಭಕ್ತಿಯಿಂದ ಒಂದು ಕಾಗದ ಹಿಡಿದ. ಅಷ್ಟೊಂದು ಮಕ್ಕಳ ಎದುರಿಗೆ ಕೊಲೆ ಮಾಡಲು ಯಾವ ಅಧಿಕಾರಿಗೆ ಮನಸ್ಸು ಬಂದೀತು? ಇನ್‌ಸ್ಪೆಕ್ಟರು ತಿಗಣೆಯನ್ನು ಕಾಗದದ ಮೇಲೆ ಬಿಟ್ಟು, ನನ್ನನ್ನು ಜಗಲಿಗೆ ಕರೆದರು.

"ಎಲ್ಲಿಗೆ ಹೋದರೂ ಅಶೋಕ ಸಾಲುಮರ ನೆಡಿಸಿದ, ಬಾವಿ ತೋಡಿಸಿದ, ಇಷ್ಟೇ. ಹುಡುಗರು ನನ್ನನ್ನೇ ಪ್ರಶ್ನೆ ಕೇಳಿದ್ದು ಇಲ್ಲೇ ಮೊದಲು" ಎಂದು ಬೆನ್ನು ಕೆರೆದುಕೊಂಡರು. "ನಿಮ್ಮನ್ನು ಖಾಯಂ ಮಾಡಲು ಬರೆಯುತ್ತೇನೆ. ಆ ಕುರ್ಚಿಯನ್ನು ಮಾತ್ರ ಸುಟ್ಟುಹಾಕಿ."

ನಾನು ನೆಲದ ಮೇಲಿರಲಿಲ್ಲ. ಲಗ್ನಪತ್ರಿಕೆ, ಓಲಗ, ಹಾಸನದ ಹುಡುಗಿಯ ನಗು ಎಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿತು. ತರಗತಿಗೆ ಬಂದವನು ಸಂತೋಷದಲ್ಲಿ ಲೋಕ ಮರೆತು, ಎಷ್ಟೋ ಕಾಲದ ಮೇಲೆ ಕುರ್ಚಿಯಲ್ಲಿ ಹಾಯಾಗಿ ಕೂತುಬಿಟ್ಟೆ. ಕೂತಷ್ಟೇ ಬೇಗ ಎದ್ದೆ.

ಹಿರೀಸಾವೆಯವನು ಖಾಲಿ ಕಾಗದ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಅದ್ರ ಜಾಗಾನ ಅದ್ಕೇ ವಾಪಸ್ ಕೊಟ್ಟಿವ್ನಿ ಸಾ" ಎಂದ. "ಅಶೋಕನಂಗೆ ನಾವೂ ಮಾಡಾಕಾಯ್ತದಾ?"