ಅರಮನೆ ಪರದೆಯ ನಕ್ಷತ್ರಗಳು

ಜೋಳದ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಫೋನು ಬರಬಾರದು ಎಂದು ನಾನು ದೇವರನ್ನು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ನನ್ನ ದೊಡ್ಡ ದೊಡ್ಡ ಬೇಡಿಕೆಗಳನ್ನೆಲ್ಲ ಅವನು ನಡೆಸಿಕೊಟ್ಟಿದ್ದಾನೆ. ನಮ್ಮನೆಯವರ ನೌಕರಿ ಗಟ್ಟಿಯಾಗಿದೆ, ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ಪ್ರತಿ ಸಲ ತಕರಾರಿಲ್ಲದೆ ನವೀಕರಣವಾಗುತ್ತದೆ, ಮಗಳಿಗೆ ಇನ್ನೂ ಕನ್ನಡಕ ಬಂದಿಲ್ಲ. ಈ ಸಣ್ಣದೊಂದನ್ನು ಮಾತ್ರ ಅವನು ಕಿವಿಗೆ ಹಾಕಿಕೊಂಡಿಲ್ಲ. ಅವತ್ತೂ ಹಾಗೆಯೇ ಆಯಿತು. ಎರಡೂ ಅಂಗೈಗೆ ಹಿಟ್ಟು, ಹಂಚಿನ ಮೇಲೊಂದು ರೊಟ್ಟಿ, ಮಣೆಯ ಮೇಲೊಂದು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಮಗಳು ಪೂರ್ಣಿಮಾ ಎತ್ತಿ, "ಅಮ್ಮ ಈಸ್ ಬಿಜಿ ಅಂಕಲ್, ರೊಟ್ಟಿ" ಎಂದಳು. ಆ ಕಡೆಯವರು ಬಿಡಲಿಲ್ಲವೆಂದು ಕಾಣುತ್ತದೆ, ಫೋನನ್ನು ತಂದು ನನ್ನ ಕಿವಿಗೆ ಒತ್ತಿ ಹಿಡಿದುಕೊಂಡು ನಿಂತಳು.

ಕರೆ ಪಾಟೀಲರದು. ಪಾಟೀಲರು ಕುವೈತಿನ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ವೃತ್ತಿಯಲ್ಲಿ ಎಂಜಿನಿಯರು, ಆದ್ದರಿಂದ ನಗುವುದಕ್ಕೂ ಒಂದು ಅಳತೆ ಇಟ್ಟುಕೊಂಡವರು.

"ಅಕ್ಕಾರ, ನಿಮ್ಮನ್ನ ಕಮಿಟ್ಯಾಗ ಹಾಕೀವ್ರಿ."

"ಯಾವ ಕಮಿಟಿ ರೀ? ಇಲ್ಲಿ ರೊಟ್ಟಿ ಸೀದ ಹೊಂಟೈತಿ."

"ಹಳೇ ಸಾಮಾನ ಉಳಸೂ ಕಮಿಟಿ. ನೀವಂದ್ರ ಸುಳ್ಳು ಹೇಳೂದಿಲ್ಲ ಅಂತ ಎಲ್ಲಾರೂ ಒಪ್ಪಿದ್ರು. ಅದಕ್ಕ."

ರೊಟ್ಟಿ ಸೀದೇ ಹೋಯಿತು. ನನ್ನ ಎದೆಯೊಳಗೂ ಏನೋ ಸಣ್ಣಗೆ ಸೀದ ಹಾಗಾಯಿತು. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಬಹಳ ವರ್ಷ ಇಲ್ಲಿ ಬಟ್ಟೆ ವ್ಯಾಪಾರ ಮಾಡಿದ ನಮ್ಮವರೊಬ್ಬರು ಎಲ್ಲ ಖಲಾಸ್ ಮಾಡಿ ಊರಿಗೆ ಹೊರಟಾಗ ಸಂಘಕ್ಕೆ ಒಂದಿಷ್ಟು ಹಣ ಬಿಟ್ಟು ಹೋಗಿದ್ದರು. ಷರತ್ತು ಒಂದೇ: ಇಲ್ಲಿನ ಕನ್ನಡಿಗರೆಲ್ಲ ಸೇರಿ ಬಳಸಿದ ಹಳೆಯದೊಂದು ವಸ್ತುವನ್ನು ಆ ಹಣದಲ್ಲಿ ಉಳಿಸಬೇಕು. ಯಾವುದನ್ನು ಎಂದು ಎಲ್ಲರೂ ಕೂಡಿ ತೀರ್ಮಾನಿಸಬೇಕು. ಕೂಡಿ ತೀರ್ಮಾನಿಸುವುದೆಂದರೆ ಏನು ಎಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ವಿಮಾನ ಹತ್ತಿದರೋ, ದೇವರೇ ಬಲ್ಲ. ನಮ್ಮ ಸಂಘ ಒಂದು ಸಣ್ಣ ಊರಿದ್ದ ಹಾಗೆ. ಸಭೆಯಲ್ಲಿ ಯಾರೂ ಯಾರನ್ನೂ ವಿರೋಧಿಸುವುದಿಲ್ಲ. "ಆಗಲಿ, ಚಲೋ ಐತಿ" ಎಂದು ಚಹಾ ಕುಡಿದು ಏಳುತ್ತೇವೆ. ನಿಜವಾದ ಚರ್ಚೆ ನಡೆಯುವುದು ಮನೆಗೆ ಮರಳುವಾಗ, ಕಾರಿನೊಳಗೆ, ಗಾಜು ಏರಿಸಿಕೊಂಡು.

ಪಾಟೀಲರು ಅರ್ಜಿಯ ನಮೂನೆ ಮಾಡಿದ್ದರು. ವಸ್ತುವಿನ ಹೆಸರು, ವಯಸ್ಸು, ಈಗಿನ ಸ್ಥಿತಿ, ವಿಶೇಷತೆ, ಹಾಳಾಗಲು ಕಾರಣ. ಕೊನೆಯ ಕಾಲಮ್ಮಿನ ಕೆಳಗೆ ಕಮಿಟಿಯ ನಾಲ್ವರ ಸಹಿಗೆ ಜಾಗ. ಬಂದ ಅರ್ಜಿಗಳು ಮೂರು. ಒಬ್ಬ ಮಹಾಶಯರು ತಮ್ಮ ಹಳೆಯ ಕಿಟಕಿ ಏಸಿಯನ್ನು ಉಳಿಸಬೇಕೆಂದು ಕೇಳಿದ್ದರು. ಅದರ ತಂಪಿನಲ್ಲಿ ಸಂಘದ ಮೊದಲ ಸಭೆ ನಡೆದಿತ್ತಂತೆ. ಎರಡನೆಯದು ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ರಿಪೇರಿ. ಅರ್ಜಿ ಹಾಕಿದವರು ನನ್ನ ಗೆಳತಿ ವಿಮಲಾಬಾಯಿ. ಮೂರನೆಯದು ಅಬ್ಬಾಸಿಯಾದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಖಾದರ್ ಭಾಯಿಯದು. ಖಾದರ್ ಭಾಯಿ ಮಂಗಳೂರು ಕಡೆಯವರು. ಮನೆಯಲ್ಲಿ ಬ್ಯಾರಿ ಮಾತು, ಸಂಘದ ನಾಟಕ ಆಡಿಸುವಾಗ ಮಾತ್ರ ಸ್ವಚ್ಛ ಕನ್ನಡ. ಅವರ ಅರ್ಜಿ, ಕೊಲ್ಲಿ ಯುದ್ಧಕ್ಕೂ ಮುಂಚೆ ಇಲ್ಲಿಯೇ ಯಾರೋ ಕೈಯಾರೆ ಬರೆದ ನಾಟಕದ ಪರದೆಯ ಬಗ್ಗೆ: ಅರಮನೆ, ಕಂಬಗಳು, ಮೇಲೆ ನೀಲಿ ಆಕಾಶ. ಅದನ್ನು ಇಟ್ಟಿದ್ದ ಗೋದಾಮನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಬಟ್ಟೆ ಗಟ್ಟಿ ಮಾಡಿಸಿ, ಸುತ್ತಿಡಲು ಪೆಟ್ಟಿಗೆ ಮಾಡಿಸದಿದ್ದರೆ ಪರದೆ ರಸ್ತೆ ಬದಿಯ ಕಸದ ಡಬ್ಬಿಗೆ.

ಕಮಿಟಿ ಮನೆಮನೆಗೆ ಹೋಗಿ ಪರಿಶೀಲನೆ ಮಾಡಿತು. ಇಲ್ಲೇ ನಮ್ಮವರು ಎಡವಿದ್ದು. ಪರಿಶೀಲನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಉಂಡ ಮನೆಯ ವಸ್ತುವಿಗೆ "ಬೇಡ" ಎನ್ನುವ ಧೈರ್ಯವೂ ನಮ್ಮಲ್ಲಿಲ್ಲ. ಏಸಿಯ ಮನೆಯಲ್ಲಿ ಮಿರ್ಚಿ ಭಜಿ ಕೊಟ್ಟರು. ಪಾಟೀಲರು ಎರಡನೇ ಭಜಿಗೆ "ಯಂತ್ರ ಗಟ್ಟಿ ಐತಿ" ಎಂದು ಬರೆದರು. ವಿಮಲಾಬಾಯಿಯ ಮನೆಯಲ್ಲಿ ಗೋಧಿ ಹುಗ್ಗಿ, ಮೇಲೆ ತುಪ್ಪ. ಹಾರ್ಮೋನಿಯಮ್ಮಿನ ತಿದಿ ಹರಿದು, ಒತ್ತಿದರೆ ನೆಗಡಿಯಾದವರ ಹಾಗೆ ಉಸಿರು ಬಿಡುತ್ತಿತ್ತು. ಆದರೂ ಅದರ ಮುಂದೆ ಕುಳಿತು ಎಷ್ಟು ಗುರುವಾರ ಹಾಡಿದ್ದೇವೆ! ನನ್ನ ಮನಸ್ಸು ಅಲ್ಲೇ ನಿಂತಿತು. ದೇವರ ಸೇವೆಯ ವಸ್ತು, ಅದೇ ಗೆಲ್ಲಲಿ ಎಂದುಕೊಂಡೆ.

ಕೊನೆಗೆ ಖಾದರ್ ಭಾಯಿಯ ಗೋದಾಮು. ಅಕ್ಕಿ ಚೀಲಗಳ ಮೇಲೆ ನಮ್ಮನ್ನು ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ, ಬಾಳೆಹಣ್ಣಿನ ಬನ್ಸ್ ಕೊಟ್ಟರು. ಆಮೇಲೆ ಅಂಗಡಿಯ ಇಬ್ಬರನ್ನು ಕರೆದು ಪರದೆ ಬಿಚ್ಚಿಸಿದರು. ಪಾಟೀಲರು ಕನ್ನಡಕ ಮೇಲೇರಿಸಿಕೊಂಡರು.

"ಅಕ್ಕಾರ, ನೋಡ್ರಿ ಆ ನಕ್ಷತ್ರಾ! ಹನ್ನೊಂದು ಸಾಲು. ಒಂದಕ್ಕೊಂದಕ್ಕ ಅಂತರ ನೋಡ್ರಿ, ಟೇಪ್ ಹಿಡದಂಗ ಐತಿ. ಇಂಥಾ ಆಕಾಶ ನಾ ಎಲ್ಲೂ ನೋಡಿಲ್ಲ. ಇದನ್ನ ಉಳಸಬೇಕು!"

ನಾನು ಅರ್ಧ ತಿಂದ ಬನ್ಸನ್ನು ತಟ್ಟೆಯಲ್ಲಿ ಇಟ್ಟುಬಿಟ್ಟೆ.

ಈಗ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಒಂದು ಬೇಸಿಗೆ ಆ ಪರದೆ ಫಿಂಟಾಸಿನ ನಮ್ಮ ಮನೆಯಲ್ಲಿತ್ತು. ನಾಟಕ ಮುಗಿದ ಮೇಲೆ ಯಾರ ಮನೆಯಲ್ಲಿ ಜಾಗವಿದೆಯೋ ಅಲ್ಲಿ ಇಡುವುದು ರೂಢಿ. ಮಂಚದ ಕೆಳಗೆ ಮಡಚಿಟ್ಟಿದ್ದೆ. ಆ ಬೇಸಿಗೆಯಲ್ಲೇ ನನಗೆ ಸಾಬುದಾಣಿ ಸಂಡಿಗೆ ಹಾಕುವ ಹುಕಿ ಬಂತು. ಈ ದೇಶದ ಬಿಸಿಲನ್ನು ಎಲ್ಲರೂ ಬಯ್ಯುತ್ತಾರೆ. ನಾನು ಬಯ್ಯುವುದಿಲ್ಲ, ಬೆಳಿಗ್ಗೆ ಹಾಕಿದ ಸಂಡಿಗೆ ಸಂಜೆಗೆ ಗಲಗಲ ಅನ್ನುವ ಊರು ಬೇರೆಲ್ಲಿದೆ? ಕಟ್ಟಡದ ಕಾವಲುಗಾರ ಹಾರಿಸ್‌ನನ್ನು ಕಾಡಿ ತಾರಸಿಯ ಬೀಗದ ಕೈ ಇಸಿದುಕೊಂಡೆ. ಹಾಸಲು ಅಗಲವಾದದ್ದು ಬೇಕಿತ್ತು. ಪರದೆಯ ನೆನಪಾಯಿತು. ಚಿತ್ರವಿದ್ದದ್ದು ಒಂದು ಬದಿಗೆ. ಇನ್ನೊಂದು ಬದಿ ಬರೀ ದಪ್ಪ ಬಟ್ಟೆ, ಅದಕ್ಕೇನಾಗುತ್ತದೆ ಎಂದು ಚಿತ್ರವನ್ನು ಕೆಳಗೆ ಮಾಡಿ ಹಾಸಿ, ಚಮಚದಿಂದ ಸಾಲಾಗಿ ಹಾಕಿದೆ. ಸೊಟ್ಟ ಸಾಲು ಹಾಕಿದರೆ ನಮ್ಮ ಅತ್ತೆಯವರು ತಿರುಗಿ ಎತ್ತಿಸುತ್ತಿದ್ದರು, ಆ ಶಿಸ್ತು ಕೈಯಲ್ಲಿ ಕುಳಿತುಬಿಟ್ಟಿದೆ. ಸಂಡಿಗೆ ಅದ್ಭುತವಾಗಿ ಬಂದವು. ಮಡಚಿ ಮತ್ತೆ ಮಂಚದ ಕೆಳಗಿಟ್ಟೆ.

ಆ ವರ್ಷದ ರಾಜ್ಯೋತ್ಸವದಲ್ಲಿ ಪರದೆ ಮೇಲೇರಿದಾಗ ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಹಿಟ್ಟಿನ ನೀರು ಬಟ್ಟೆಯಲ್ಲಿ ಇಳಿದು, ಆ ಕಡೆಯ ನೀಲಿ ಬಣ್ಣ ಗುಂಡಗುಂಡಗೆ ಎದ್ದು, ಆಕಾಶದ ತುಂಬ ಬಿಳಿ ಬಿಳಿ ಬಿಲ್ಲೆಗಳು. ಪಕ್ಕದಲ್ಲಿದ್ದವರು "ಯವ್ವಾ, ಹೋದ ವರ್ಷ ಈ ನಕ್ಷತ್ರಾ ನೋಡೇ ಇರಲಿಲ್ಲ, ಎಷ್ಟ ಚಂದ ಬರದಾರ" ಎಂದರು. "ಹೂಂ ರೀ" ಎಂದೆ. ಆ ಒಂದು "ಹೂಂ" ಆರು ವರ್ಷ ನನ್ನ ಜೊತೆ ಸಂಸಾರ ಮಾಡಿತು. ಸಂಜೆ ದೀಪ ಹಚ್ಚಿ ಆ ದಿನದ ದೇವರ ದಯೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ: ಲಿಫ್ಟು ನಡೆಯಿತು, ಧೂಳು ಏಳಲಿಲ್ಲ, ಕೊತ್ತಂಬರಿ ತಾಜಾ ಸಿಕ್ಕಿತು. ಕಿರುಬೆರಳಿಗೆ ಬಂದಾಗಲೆಲ್ಲ ಆ ಪರದೆ ಅಡ್ಡ ಬರುತ್ತಿತ್ತು.

ಗೋದಾಮಿನಿಂದ ಬಂದ ರಾತ್ರಿ ನಮ್ಮನೆಯವರಿಗೆ ಹೇಳಿದೆ. ಅವರು ಊಟ ನಿಲ್ಲಿಸಿ ನಕ್ಕರು, ನೀರು ಕುಡಿದು ಮತ್ತೆ ನಕ್ಕರು. "ಸುಮ್ಮನಿರು. ಮಂದಿ ಆಕಾಶಕ್ಕ ಉಪಗ್ರಹ ಬಿಡ್ತಾರ, ನೀ ಸಂಡಿಗಿ ಬಿಟ್ಟೀದಿ. ಮನಿತನಕ್ಕ ಹೆಮ್ಮಿ" ಎಂದರು. ಗಂಡಸರಿಗೆ ಹೇಳಿದರೆ ಸಿಗುವ ಸಮಾಧಾನ ಇಷ್ಟೇ.

ನನ್ನ ಸಂಕಟ ಬೇರೆಯೇ ಇತ್ತು. ಸುಮ್ಮನಿದ್ದರೆ ಸುಳ್ಳಿನ ನಕ್ಷತ್ರಗಳ ಬಲದಿಂದ ಪರದೆ ಗೆಲ್ಲುತ್ತದೆ, ಆ ಕಾಗದದ ಮೇಲೆ ನನ್ನ ಸಹಿಯೂ ಇರುತ್ತದೆ. ಹೇಳಿದರೆ ಪರದೆಯ ವಿಶೇಷತೆಯೇ ಬಿದ್ದುಹೋಗಿ, ನನ್ನದೇ ಮಂಡಳಿಯ ಹಾರ್ಮೋನಿಯಂ ಗೆಲ್ಲುತ್ತದೆ. ಖಾದರ್ ಭಾಯಿಯ ಪರದೆ ಕಸಕ್ಕೆ ಹೋಗುತ್ತದೆ. ನಿಜ ಹೇಳಿದರೂ ಸ್ವಾರ್ಥ ಅನ್ನಿಸಿಕೊಳ್ಳುವಂಥ ಇಕ್ಕಟ್ಟಿನಲ್ಲಿ ದೇವರು ನನ್ನನ್ನು ಕೂರಿಸಿದ್ದ. ಮೂರು ದಿನ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ.

ಶುಕ್ರವಾರ, ಖಾದರ್ ಭಾಯಿಯ ಜುಮ್ಮಾ ನಮಾಜು ಮುಗಿದ ಮೇಲೆ ಸಭೆ ಸೇರಿತು. ಉಪ್ಪಿಟ್ಟು ಆಯಿತು, ಚಹಾ ಆಯಿತು. ಮೂರೂ ಮನೆಗಳಲ್ಲಿ ಉಂಡು ಬಂದ ಕಮಿಟಿ ಮೂರಕ್ಕೂ "ಒಪ್ಪಿಗೆ" ಎಂದು ಬರೆದಿತ್ತು, ಹಣ ಮಾತ್ರ ಒಂದಕ್ಕಾಗುವಷ್ಟಿತ್ತು. ಏಸಿಯವರು ದೊಡ್ಡ ಮನಸ್ಸು ಮಾಡಿ ಹಿಂದೆ ಸರಿದರು. ಹಿಂದಿನ ದಿನ ಏಸಿ ಸುಟ್ಟು ಹೋಗಿತ್ತಂತೆ. ಉಳಿದವು ಎರಡು. ಪಾಟೀಲರು ಎದ್ದು ನಿಂತು ಓದಿದರು: "ಪರದೆ. ವಿಶೇಷತೆ: ಆಕಾಶದಲ್ಲಿ ಹನ್ನೊಂದು ಸಾಲು ನಕ್ಷತ್ರಗಳು, ಅಪರೂಪದ ಕುಸುರಿ." ತಲೆಗಳು ತೂಗಿದವು. "ಯಾರದರ ವಿರೋಧ ಐತೇನ್ರಿ?" ಎಂದು ರೂಢಿಯಂತೆ ಕೇಳಿ, ರೂಢಿಯಂತೆ ಉತ್ತರಕ್ಕೆ ಕಾಯದೆ ಪೆನ್ನು ನನ್ನ ಮುಂದೆ ಚಾಚಿದರು.

ಪೆನ್ನು ಹಿಡಿದೆ. ಕಿರುಬೆರಳು ಕಂಡಿತು.

"ಪಾಟೀಲರ, ಅವು ನಕ್ಷತ್ರ ಅಲ್ರಿ. ಸಂಡಿಗಿ."

ಪಾಟೀಲರು ಎಂಜಿನಿಯರು, ಇಂಥ ಹೊತ್ತಿನಲ್ಲೂ ವಿವರ ಬೇಕು.

"ಯಾವ ಸಂಡಿಗಿ?"

"ಸಾಬುದಾಣಿ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ: ತಾರಸಿ, ಚಮಚ, ಎರಡನೇ ಸಾಲಿನ "ಹೂಂ". ಹೇಳಿ ಖಾದರ್ ಭಾಯಿಯ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಓರೆಗಣ್ಣಲ್ಲಿ ನೋಡಿದರೆ ಅವರು ನಗುತ್ತಿದ್ದರು.

"ನನಗೆ ಆವಾಗಲೇ ಗೊತ್ತುಂಟು ಅಕ್ಕಾ. ಆ ಪರದೆ ನಿಮ್ಮ ಮನೆಯಿಂದ ಬಂದ ಮೇಲೆ ಮೂರು ತಿಂಗಳು ಜೀರಿಗೆ ವಾಸನೆ ಹೊಡೀತಿತ್ತು ಮಾರಾಯ್ರೆ! ರಾಮ ವೇಷದವ ಅದರ ಎದುರು ನಿಂತರೆ ಮಾತು ಮರೆತು, ಊಟ ಯಾವಾಗ ಅಂತ ಕೇಳ್ತಿದ್ದ."

"ಗೊತ್ತಿದ್ದೂ ಯಾಕ ಹೇಳಲಿಲ್ಲ ಭಾಯಿ?"

"ಆ ವರ್ಷ ರಂಜಾನಿಗೆ ನಮ್ಮ ರೂಮಿನ ಬ್ಯಾಚುಲರ್ ಹುಡುಗರಿಗೆ ಒಂದು ಚೀಲ ಸಂಡಿಗೆ ಕಳಿಸಿದ್ದಿರಲ್ಲ? ಎಂಟು ಜನ ಕರಿದು ತಿಂದೆವು. ತಿಂದ ಮೇಲೆ ಹೇಗೆ ಹೇಳುವುದು? ಅರ್ಜಿಯಲ್ಲಿ ನಾನು ಬರೆದದ್ದು 'ಮೇಲ್ಗಡೆ ನೀರು ಬಿದ್ದ ಗುರುತು ಉಂಟು' ಅಂತ. ನಕ್ಷತ್ರ ಮಾಡಿದ್ದು ಪಾಟೀಲ್ ಸಾಹೇಬರು."

ಪಾಟೀಲರು ಕನ್ನಡಕ ಒರೆಸಿಕೊಳ್ಳತೊಡಗಿದರು. ಯಾರೋ ಹಿಂದಿನಿಂದ, "ಹಂಗಾದ್ರ ಆ ಹಾಳಾದ ಪರದಿ ಬಿಡ್ರಿ, ಹಾರ್ಮೋನಿಯಂ ಪೆಟ್ಟಿಗಿಗೆ ಕೊಡ್ರಿ" ಎಂದರು. ಖಾದರ್ ಭಾಯಿ ಚಹಾದ ಲೋಟ ತಿರುಗಿಸುತ್ತ ಕೂತರು. ನಗು ಮಾತ್ರ ಹೋಗಿತ್ತು.

ಆಗ ಮಕ್ಕಳ ಸಾಲಿನಿಂದ ನನ್ನ ಮಗಳು ಎದ್ದು ನಿಂತಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. "ಅಂಕಲ್, ಪ್ಲೀಸ್ ಬಿಸಾಕಬೇಡಿ. ಎಂಟು ವರ್ಷ ಇದ್ದಾಗ ನಾನು ದಾಸಿ ಪಾರ್ಟ್ ಮಾಡಿದ್ದೆ. ಮೂರನೇ ಸಾಲಿನ ಕೆಳಗೇ ನಿಲ್ಲಬೇಕು ಅಂತ ಖಾದರ್ ಅಂಕಲ್ ಹೇಳಿದ್ದರು. ಡೈಲಾಗ್ ಮರೆತರೆ ಸ್ಟಾರ್ಸ್ ಎಣಿಸು, ನೆನಪಾಗುತ್ತದೆ ಅಂದಿದ್ದರು. ನಾವೆಲ್ಲ ಎಣಿಸಿದ್ದೇವೆ." ಅವಳ ಪಕ್ಕದ ಮಕ್ಕಳು "ಯಸ್ ಅಂಕಲ್" ಎಂದು ಕೂಗಿದವು. ಅಷ್ಟುದ್ದ ಕನ್ನಡ ಅವಳ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು.

ವಿಮಲಾಬಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ಪಾಟೀಲರ, ನಮ್ಮ ಪೆಟ್ಟಿಗಿ ಎಲ್ಲಿಗೂ ಹೋಗೂದಿಲ್ಲ. ಅದು ಉಸಿರು ಬಿಟ್ಟಲ್ಲಿ ನಾವು ಜೋರಾಗಿ ಹಾಡತೀವಿ. ಪರದೀಗೆ ಕೊಡ್ರಿ. ಇಲ್ಲಂದ್ರ ಇವಳು ಜಲ್ಮಾ ಪೂರ್ತಿ ಸಾರಿಗೆ ಎರಡ ಸಲ ಉಪ್ಪು ಹಾಕ್ತಾಳ, ಪಾಪ ಇವಳ ಗಂಡ." ಮೊನ್ನೆಯ ಸಾರನ್ನು ಅವರಿಗೂ ಕಳಿಸಿದ್ದು ಆಗ ನೆನಪಾಯಿತು. ಖಾದರ್ ಭಾಯಿ ಕೂಡಲೇ, "ಬಾಯಮ್ಮಾ, ನಮ್ಮ ಅಂಗಡಿ ಪಕ್ಕ ಸೋಫಾ ಹೊಲಿಯುವ ಭಾಯಿ ಇದ್ದಾನೆ. ತಿದಿಗೆ ಚರ್ಮ ಹಾಕಿಸಿ ಕೊಡುವ ಜವಾಬ್ದಾರಿ ನನ್ನದು" ಎಂದರು. ಕೈ ಎತ್ತಿಸಿದರೆ ಎತ್ತದವರು ಒಬ್ಬರೂ ಇರಲಿಲ್ಲ. ನಮ್ಮ ಸಂಘದಲ್ಲಿ ಕಾರಿನೊಳಗೆ ಚರ್ಚೆ ಉಳಿಯದ ತೀರ್ಮಾನ ಅದೊಂದೇ.

ಪಾಟೀಲರು ನಡಾವಳಿ ಪುಸ್ತಕದಲ್ಲಿ ಬರೆದರು: ಪರದೆಯನ್ನು ಉಳಿಸತಕ್ಕದ್ದು, ಬಿಳಿ ಗುರುತುಗಳನ್ನು ಅಳಿಸತಕ್ಕದ್ದಲ್ಲ. "ಹಾಳಾಗಲು ಕಾರಣ" ಎಂಬ ಅರ್ಜಿಯ ಕಾಲಮ್ಮಿನಲ್ಲಿ ಸ್ವಲ್ಪ ಯೋಚಿಸಿ, ಸ್ಪಷ್ಟ ಅಕ್ಷರದಲ್ಲಿ "ಸಾಬುದಾಣಿ ಸಂಡಿಗೆ" ಎಂದು ಬರೆದು ನನ್ನ ಸಹಿ ಮಾಡಿಸಿಕೊಂಡರು. ನನ್ನ ಸಹಿ ಇರುವ ಏಕೈಕ ಸರಕಾರಿ ಥರದ ದಾಖಲೆ ಅದು. ಜೊತೆಗೆ ದಂಡವೂ ಬಿತ್ತು: ಬರುವ ರಾಜ್ಯೋತ್ಸವದ ಊಟಕ್ಕೆ ಇಡೀ ಸಂಘಕ್ಕೆ ಸಂಡಿಗೆ ನನ್ನದೇ.

ಅವತ್ತು ಸಂಜೆ ಐದು ಬೆರಳೂ ತಡೆಯಿಲ್ಲದೆ ಎಣಿಸಿದೆ. ಸುಳ್ಳು ಹೇಳದವಳೆಂದು ಕಮಿಟಿಗೆ ಆರಿಸಿದರಲ್ಲ, ಆ ಹೆಸರು ನಿಜವಾಗಲು ಆರು ವರ್ಷ ತಡವಾಯಿತು ಅಷ್ಟೇ. ರಾತ್ರಿಯೇ ಸಾಬುದಾಣಿ ನೆನೆಹಾಕಿದೆ. ಬೆಳಿಗ್ಗೆ ಜೀರಿಗೆ, ಉಪ್ಪು ಹಾಕಿ ಕುದಿಸಿ, ಉಪ್ಪು ಒಂದೇ ಸಲ ಹಾಕಿದ್ದೇನೆಂದು ರುಚಿ ನೋಡಿ ಖಾತ್ರಿ ಮಾಡಿಕೊಂಡು, ಹಾರಿಸ್‌ನಿಂದ ಬೀಗದ ಕೈ ತಂದು ತಾರಸಿ ಹತ್ತಿದೆ. ಹೊಸ ಪ್ಲಾಸ್ಟಿಕ್ ಹಾಳೆಯನ್ನು ಈ ಬದಿ ನೋಡಿದೆ, ಆ ಬದಿ ತಿರುವಿ ನೋಡಿದೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಆಮೇಲೆ ಹಾಸಿ, ಚಮಚ ಅದ್ದಿ, ಈ ಸಲವಾದರೂ ಒಂದಿಷ್ಟು ಸೊಟ್ಟಗೆ ಬರಲಿ ಎಂದುಕೊಂಡು ಮೊದಲ ಸಾಲು ಹಾಕತೊಡಗಿದೆ. ನೆಟ್ಟಗೇ ಬಂತು.