ನಮ್ಮನೆಯಲ್ಲೂ ಅದೇ ಆ್ಯಂಟಿವೈರಸ್

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಎದೆ ಗಟ್ಟಿ ಇರಬೇಕು. ನಾನು ಬಾಯಿ ತೆರೆದು ನಿಲ್ಲುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ಆ್ಯಂಟಿವೈರಸ್ ಕೊಳ್ಳಲು ಬಂದವರದೆಲ್ಲ ಒಂದೇ ಪ್ರಶ್ನೆ: "ಇದನ್ನ ನಂಬಬಹುದೇನ್ರಿ?" ನನ್ನದೂ ಒಂದೇ ಉತ್ತರ: "ನಮ್ಮ ಮನ್ಯಾಗೂ ಇದ ಐತ್ರಿ. ಎರಡು ವರ್ಷ ಆತು, ಒಂದ್ ವೈರಸ್ ಬಂದಿಲ್ಲ." ಅಂಗಡಿ ನಿಂತಿರುವುದೇ ಈ ಮಾತಿನ ಮೇಲೆ. ಅದು ಸುಳ್ಳಾದ ದಿನ ನಾನು ಶಟರ್ ಎಳೆಯಬೇಕು.

ಕೆಂಪು ಧೂಳು

ಕುರೆಕುಪ್ಪದ ಉಕ್ಕಿನ ಕಾರ್ಖಾನೆ ನೌಕರರೊಬ್ಬರು ಸಿಪಿಯು ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದರು. ಮುಚ್ಚಳ ತೆಗೆದರೆ ಒಳಗೆ ಬೊಗಸೆ ತುಂಬ ಅದಿರಿನ ಕೆಂಪು ಧೂಳು.

"ಆ್ಯಂಟಿವೈರಸ್ ಹಾಕೀರಿ, ಮತ್ತ ಇದು ಒಳಗ ಹೆಂಗ ಬಂತು?"

"ಇದು ಧೂಳ್ರಿ!"

"ಹೊರಗಿಂದ ಬರೋದನ್ನೆಲ್ಲಾ ತಡೀತೈತಿ ಅಂದವ್ರು ನೀವಲ್ಲೇನು?"

 ನಾನೂ ಬಿಡದೆ ನಮ್ಮ ಮನೆಯ ಮಾತು ಹೇಳಿದೆ. ಅವರು ಒಪ್ಪಲಿಲ್ಲ.

"ನಿಮ್ಮ ಮನಿ ಮುಂದ ಅದಿರಿನ ಲಾರಿ ಓಡಾಡಂಗಿಲ್ಲ ಬಿಡ್ರಿ!"

ಹಂಪಿಯ ಮರ್ಯಾದೆ

ಹಂಪಿಯಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಹಿರಿಯರೊಬ್ಬರ ಕಂಪ್ಯೂಟರ್ ನೋಡಿದೆ. ವೈರಸ್ ಎಷ್ಟೆಂದು ಎಣಿಸುವ ಧೈರ್ಯವಾಗಲಿಲ್ಲ. ಬಂದವರು ಫೋಟೊ ಪ್ರಿಂಟಿಗೆ ಪೆನ್‌ಡ್ರೈವ್ ಚುಚ್ಚುತ್ತಾರೆ, ಆ್ಯಂಟಿವೈರಸ್ ಪ್ರತಿ ಸಲವೂ ಒಳಗೆ ಬಿಡಲೇ ಎಂದು ಕೇಳುತ್ತದೆ. ಇವರು ಪ್ರತಿ ಸಲವೂ ಬಿಡು ಎಂದು ಒತ್ತಿದ್ದಾರೆ!

"ಯಾಕ್ರೀ ಯಜಮಾನ್ರ, ಒಂದ್ ಸಲಾನಾರ ಬ್ಯಾಡ ಅನ್ನಬಾರದಾ?"

ಅವರಿಗೆ ನನಗಿಂತ ಹೆಚ್ಚು ಆಘಾತವಾಯಿತು. "ಬಂದ ಅತಿಥೀನ ಬಾಗಿಲಾಗ ನಿಂದ್ರಿಸಿ ಬ್ಯಾಡ ಅನ್ನೋದಾ? ನಮ್ಮ ಮನಿತನದಾಗ ಯಾರೂ ಅಂದಿಲ್ರಿ."

ಮೂವರು ಕಾವಲುಗಾರರು

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು ಯಾರನ್ನೂ ನಂಬುವವರಲ್ಲ. ಗಿರಣಿಗೆ ಒಬ್ಬ ವಾಚ್‌ಮನ್, ಅವನ ಮೇಲೆ ಕಣ್ಣಿಡಲು ಇನ್ನೊಬ್ಬ, ಅವರಿಬ್ಬರೂ ಒಂದಾಗದಂತೆ ಮೂರನೆಯವನು. ಮನೆಯ ಕಂಪ್ಯೂಟರಿಗೂ ಹಾಗೆಯೇ ಮೂರು ಕಂಪನಿಯ ಮೂರು ಆ್ಯಂಟಿವೈರಸ್ ಹಾಕಿಸಿದ್ದರು! ಮೌಸ್ ಬಾಣ ಒಂದು ಗೇಣು ಸರಿಯುವಷ್ಟರಲ್ಲಿ ನನ್ನ ಚಹಾ ಮುಗಿಯಿತು.

"ಒಂದನ್ನ ಕಂಡ್ರ ಒಂದು ಕಳ್ಳ ಅಂತೈತ್ರಿ. ಯಾವುದನ್ನ ನಂಬಲಿ?"

ನಾನು ನಮ್ಮ ಮನೆಯ ಮಾತು ಹೇಳಿದೆ. ಸಾಹುಕಾರರು ಎದ್ದು ಚಪ್ಪಲಿ ಮೆಟ್ಟಿದರು.

"ನಡೀರಿ, ನಿಮ್ಮ ಮನಿಗೇ ಹೋಗಿ ನೋಡೂನು. ಖರೇ ಇದ್ರ ಗಿರಣಿ ಆಫೀಸಿಗೂ ನೀವ್ ಹೇಳಿದ್ದ ಹಾಕಸ್ತೀನಿ. ಸುಳ್ಳಿದ್ರ ಕಂಪ್ಲಿ ತುಂಬಾ ಹೇಳ್ತೀನಿ."

ನಮ್ಮನೆ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಗೆ ಎದೆಯುಬ್ಬಿಸಿಕೊಂಡೇ ಹೋದೆ. ಇಡೀ ದಿನ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿ ಸಾಕಾಗಿ, ಮನೆಯದರ ಮುಖ ನಾನು ನೋಡುವುದೇ ಇಲ್ಲ. ಅದು ಹೆಂಡತಿ ಹೊಲಿದ ಹೂವಿನ ಹೊದಿಕೆಯೊಳಗೆ ಇತ್ತು.

"ಬರ್ರಿ, ಕುಂದ್ರಿ," ಎಂದಳು ಹೆಂಡತಿ.

"ಅಕ್ಕಾರ, ಎರಡು ವರ್ಷದಾಗ ಇದಕ್ಕ ಒಂದೂ ವೈರಸ್ ಬಂದಿಲ್ಲಂತ, ಖರೇನಾ?" ಎಂದರು ಸಾಹುಕಾರರು.

"ದೇವರಾಣಿಗೂ ಬಂದಿಲ್ರಿ."

ನಾನು ಮೀಸೆ ತಿರುವುತ್ತ ಸ್ವಿಚ್ ಒತ್ತಿದೆ. ಏನೂ ಹತ್ತಲಿಲ್ಲ. ಹಿಂದೆ ಬಗ್ಗಿ ನೋಡಿದರೆ ವೈರೇ ಇಲ್ಲ!

"ವೈರ್ ಎಲ್ಲೈತಿ?"

"ನೀವು ಆ್ಯಂಟಿವೈರಸ್ ಹಾಕಿದ ಮರುದಿನಾನ ಕಿತ್ತಿಟ್ಟೀನಿ. ಹಚ್ಚಿದ ಕೂಡ್ಲೆ ಕೆಂಪು ಅಕ್ಷರದಾಗ ಅಪಾಯ, ಅಪಾಯ ಅಂತ ಬಂತು. ಅಪಾಯ ಐತಿ ಅಂದ್ಮ್ಯಾಲ ಯಾರಾರ ಹಚ್ತಾರೇನು?"

 ಎರಡು ವರ್ಷ ಊರಿಗೆಲ್ಲ ಹೇಳಿದ ಮಾತು! ಶಟರ್ ಎಳೆಯುವ ಸದ್ದು ಕಿವಿಯಲ್ಲೇ ಕೇಳಿಸಿತು. ಸಾಹುಕಾರರು ಕಂಪ್ಯೂಟರನ್ನು ಒಂದು ಸುತ್ತು ಹಾಕಿ ನೋಡಿ, ಹೊದಿಕೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ಲ ಬಿಡ್ರಿ, ಒಂದೂ ವೈರಸ್ ಬಂದಿಲ್ಲ," ಎಂದು ಹೆಂಡತಿಯ ಕಡೆ ತಿರುಗಿದರು. "ಅಕ್ಕಾರ, ನನಗೂ ಇಂಥಾ ಹೊದಿಕಿ ಎರಡು ಹೊಲದ್ ಕೊಡ್ರಿ. ಮನಿಗೊಂದು, ಗಿರಣಿಗೊಂದು."